ಶುದ್ಧ ದನಿಗಾಗಿ ಕಳೆದ ಐದು ದಿನ

ಹಾಟ್‌ಸ್ಪಾಟನ್ನು ಮೊದಲ ಸಲ ಕೈಗೆ ಕೊಟ್ಟಾಗ ಕಾಕಾ ಅದನ್ನು ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ, ಮೇಲೆ ಬೆರಳುದ್ದದ ಆಂಟೆನಾ, ಪಕ್ಕದಲ್ಲಿ ಮಿನುಗುವ ಎರಡು ದೀಪ.

"ಇದು ಕುಮಟಾ ತನಕ ಹೋಗ್ತೈತೇನಲೇ?"

"ಇದು ಹೋಗೂದು ಬರೇ ಈ ಖೋಲಿ ತನಕ ರೀ ಕಾಕಾ. ಇಲ್ಲಿಂದ ಮುಂದ ಇಂಟರ್‌ನೆಟ್ ಒಯ್ತೈತಿ."

"ಹಂಗಾರ ಇದರಾಗ ರೇಡಿಯೋ ಎಲ್ಲೈತಿ?" ಎಂದು ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು. ಅವರ ದನಿ ಆಗಲೇ ಒಡೆದು, ಒಂದೊಂದು ಮಾತಿಗೂ ಗಾಳಿ ಎಳೆದುಕೊಳ್ಳಬೇಕಾಗುತ್ತಿತ್ತು. ಗಂಟಲಿನ ಗಂಟಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತೇವೆ, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ದಿನ ನಿಗದಿಯಾದದ್ದು ಎರಡು ವಾರಕ್ಕೆ. ಆ ಎರಡು ವಾರದಲ್ಲಿ ಕಾಕಾ ನನ್ನಿಂದ ಕೇಳಿದ್ದು ಒಂದೇ ಕೆಲಸ.

"ದನಿ ಇರೂದರಾಗ ಒಂದ ಸಲ ಅವನ ಕೂಡ ಮಾತಾಡಬೇಕು."

ಕಾಕಾ ನನ್ನ ಸಂಬಂಧಿಕರಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಿದ್ದವರು, ನನಗೆ ಹ್ಯಾಮ್ ಎಂಬ ಹವ್ಯಾಸಿ ರೇಡಿಯೋ ಕಲಿಸಿದವರು. ಪರೀಕ್ಷೆಗೆ ಓದಿಸಿ, ಪರವಾನಗಿ ಬರುವ ತನಕ ಸೆಟ್ಟಿನ ಗುಂಡಿ ಮುಟ್ಟಲು ಬಿಡದೆ, ಎರಡು ವರ್ಷ ಬರೀ ಕೇಳಿಸಿದವರು. 'ಅವನು' ಎಂದರೆ ಕುಮಟಾದವರು. ದೀಪಸ್ತಂಭದ ನೌಕರಿಯಿಂದ ನಿವೃತ್ತರಾದ ಅವರು ದಿನಾ ಬೆಳಿಗ್ಗೆ ಏಳೂವರೆಗೆ ರೇಡಿಯೋದಲ್ಲಿ ಹಾಜರಿ ಕರೆಯುತ್ತಾರೆ. ಅದಕ್ಕೆ ನಾವು ನೆಟ್ ಎನ್ನುತ್ತೇವೆ. ಕರಾವಳಿಯಿಂದ ಧಾರವಾಡದ ತನಕ ಹತ್ತು ಹನ್ನೆರಡು ಜನ ತಂತಮ್ಮ ಪರವಾನಗಿಯ ಗುರುತಾದ ಕಾಲ್‌ಸೈನ್ ಹೇಳಿ, ಊರಿನ ಹವೆ ಹೇಳಿ, ದನಿ ಹೇಗೆ ಕೇಳಿಸುತ್ತಿದೆ ಎಂದು ಕೇಳಿ ಹೋಗುತ್ತಾರೆ. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಊರಿನಿಂದಲೇ ಗುರುತು. ಕಾಕಾ ಇಪ್ಪತ್ತೆಂಟು ವರ್ಷ ಅಲ್ಲಿ 'ಬೆಟಗೇರಿ' ಆಗಿದ್ದರು. ಅವರೂ ಕುಮಟಾದವರೂ ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ.

ಆ ಮಾತುಕತೆ ನಿಂತು ಎರಡು ವರ್ಷವಾಗಿತ್ತು. ನಿಲ್ಲಿಸಿದವನು ನಾನೇ. ಲಕ್ಷ್ಮೇಶ್ವರದ ಬಜಾರಿನಲ್ಲಿ ನನ್ನದು ಇನ್ವರ್ಟರ್, ಸೋಲಾರ್ ರಿಪೇರಿಯ ಅಂಗಡಿ. ಕಾಕಾನ ಮಗ ಮಗ್ಗಗಳಿಗೆ ಸೋಲಾರ್ ಕೂಡಿಸಬೇಕೆಂದಾಗ ಕೆಲಸ ಹಿಡಿದದ್ದು ನಾನು. ತಾರಸಿಯ ತುಂಬ ಪ್ಯಾನೆಲ್ ಬಂದವು. ಈ ತುದಿಯಿಂದ ಆ ತುದಿಗೆ ಕಟ್ಟಿದ್ದ ಅರವತ್ತಾರು ಅಡಿಯ ಆಂಟೆನಾ ತಂತಿಯನ್ನು ಬಿಚ್ಚಿ ಸುರುಳಿ ಸುತ್ತಿ ನಾನೇ ಕಾಕಾನ ಕೈಗೆ ಕೊಟ್ಟೆ. "ಬ್ಯಾರೆ ಕಡೆ ಕಟ್ಟಿ ಕೊಡ್ತೇನ್ರಿ" ಎಂದಿದ್ದೆ. ಆ ಮನೆಯಲ್ಲಿ ಬೇರೆ ಕಡೆ ಎಂಬುದು ಇರಲಿಲ್ಲ. ನನ್ನದಂತೂ ಅಂಗಡಿಯ ಮೇಲಿನ ಬಾಡಿಗೆ ಖೋಲಿ, ಅಲ್ಲಿ ಬಟ್ಟೆ ಒಣಗಿಸಲೂ ತಂತಿ ಇಲ್ಲ.

"ಫೋನ್ ಮಾಡ್ರಲ್ಲ ಕಾಕಾ, ನಂಬರ ಹುಡುಕೋಣು" ಎಂದು ನಾನು ಮೊದಲ ದಿನವೇ ಹೇಳಿದ್ದುಂಟು.

"ಇಪ್ಪತ್ತೆಂಟ ವರ್ಷದಾಗ ಒಮ್ಮೆ ಫೋನ್ ಹಚ್ಚಿಲ್ಲ. ಈಗ ಹಚ್ಚಿದ್ರ ಏನೋ ಆಗೇತಿ ಅಂತ ಗಾಬರಿ ಆಗ್ತಾನ. ನೆಟ್‌ನ್ಯಾಗ ಹವಾ ಹೇಳತ ಹೇಳತ, ಮಾತ ಮಾತಿನ್ಯಾಗ ಹೇಳ್ತೇನಿ. ನೀ ಯಾರಿಗೂ ಹೇಳಬ್ಯಾಡ. ನಾನ ಹೇಳಬೇಕು."

ಕುಮಟಾದ ನೆಟ್ ಈಗ ಡಿಜಿಟಲ್ ಗುಂಪಿಗೂ ಬಂದಿದೆ ಎಂದು ನನಗೆ ಗೊತ್ತಿತ್ತು. ಅದಕ್ಕೆ ಉದ್ದನೆಯ ತಂತಿ ಬೇಡ. ಒಂದು ಡಿಜಿಟಲ್ ಕೈಸೆಟ್ಟು, ಒಂದು ಹಾಟ್‌ಸ್ಪಾಟ್, ಮನೆಯ ವೈಫೈ ಇದ್ದರೆ ಸಾಕು. ಸೆಟ್ಟಿನಿಂದ ಹೊರಟ ಮಾತನ್ನು ಹಾಟ್‌ಸ್ಪಾಟ್ ಹಿಡಿದು ಇಂಟರ್‌ನೆಟ್ಟಿಗೆ ಹಾಕುತ್ತದೆ, ಅಲ್ಲಿಂದ ಗುಂಪಿನವರ ಹಾಟ್‌ಸ್ಪಾಟುಗಳು ಅದನ್ನು ಇಳಿಸಿಕೊಳ್ಳುತ್ತವೆ. ನಾನೂ ಅದನ್ನು ಮಾಡಿದವನಲ್ಲ, ಓದಿ ತಿಳಿದವನು. ನಾನು ಎರಡನ್ನೂ ತರಿಸಿದೆ. ಕಾಕಾನ ಪರವಾನಗಿಯ ಪ್ರತಿ ಕಳಿಸಿ, ಅವರ ಹೆಸರಿಗೆ ಡಿಜಿಟಲ್ ಗುರುತಿನ ಸಂಖ್ಯೆಗೆ ಅರ್ಜಿ ಹಾಕಿದೆ. ಗುಂಡಿ ಒತ್ತಿದಾಗಲೆಲ್ಲ ಈ ಸಂಖ್ಯೆ ಮಾತಿನ ಜೊತೆ ಹೋಗುತ್ತದೆ, ಕೇಳುವವರ ಪರದೆಯ ಮೇಲೆ ಕಾಲ್‌ಸೈನೂ ಊರೂ ಮೂಡುತ್ತವೆ. ಪಾರ್ಸೆಲ್ ಬಂದು ಸಂಖ್ಯೆ ಸಿಗುವಷ್ಟರಲ್ಲಿ ಐದು ದಿನ ಹೋದವು. ಅದರಲ್ಲಿ ನನ್ನ ತಪ್ಪಿಲ್ಲ. ನನ್ನ ತಪ್ಪು ಆರನೆಯ ದಿನದಿಂದ ಶುರು.

ಆ ಬೆಳಿಗ್ಗೆ ಮೊದಲ ಬಸ್ಸಿಗೆ ಲಕ್ಷ್ಮೇಶ್ವರ ಬಿಟ್ಟು ಏಳಕ್ಕೆ ಬೆಟಗೇರಿ ಮುಟ್ಟಿದೆ. ಮೇಲಿನ ಖೋಲಿಯಲ್ಲಿ ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು, ಎರಡು ವರ್ಷದಿಂದ ಮುಚ್ಚಿಟ್ಟಿದ್ದ ಲಾಗ್‌ಪುಸ್ತಕ ತೆರೆದು, ಪೆನ್ನು ಹಿಡಿದು ಕೂತಿದ್ದರು. ಹಾಟ್‌ಸ್ಪಾಟನ್ನು ಕಿಟಕಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು ಗಟ್ಟಿಯಾಗಿ ಕೂಡಿಸಿದೆ. ವೈಫೈಗೆ ಸೇರಿಸಿದೆ, ಸೆಟ್ಟಿಗೆ ಚಾನೆಲ್ ತುಂಬಿದೆ. ಏಳೂವರೆಗೆ ಸ್ಪೀಕರಿನಲ್ಲಿ ಕುಮಟಾದವರ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಕಾಕಾ ಎದ್ದು ನಿಂತೇ ಬಿಟ್ಟರು.

ಹಾಜರಿ ನಡೆಯಿತು. ಅಂಕೋಲಾ, ಶಿರಸಿ, ಹಾವೇರಿ, ಧಾರವಾಡ. ಎಲ್ಲರದೂ ಮುಗಿದ ಮೇಲೆ ಕುಮಟಾದವರು ಸ್ವಲ್ಪ ತಡೆದು ಕರೆದರು.

"ಬೆಟಗೇರಿ... ಬೆಟಗೇರಿ ಇದ್ದಾರಾ? ಬೆಟಗೇರಿ..."

ಮೂರು ಸಲ. ಎರಡು ವರ್ಷದಿಂದ ಉತ್ತರವಿಲ್ಲದ ಊರನ್ನು ಆ ಮನುಷ್ಯ ದಿನಾ ಕರೆಯುತ್ತಿದ್ದರು. ಅದು ನಮಗೆ ಗೊತ್ತೇ ಇರಲಿಲ್ಲ.

ಕಾಕಾನ ಬೆರಳು ಗುಂಡಿಗೆ ಹೋಯಿತು. ನಾನು ಅವರ ಕೈ ಹಿಡಿದೆ.

ಯಾಕೆ ಹಿಡಿದೆನೆಂದು ಹೇಳಿಬಿಡುತ್ತೇನೆ. ನೆಟ್ಟಿಗೆ ಮುಂಚೆ ಪರೀಕ್ಷೆ ಮಾಡಿದ್ದೆ. ಡಿಜಿಟಲ್ ಜಾಲದಲ್ಲಿ ಗಿಳಿ ಎಂಬ ಒಂದು ಸಂಖ್ಯೆ ಇದೆ. ಅದಕ್ಕೆ ಮಾತಾಡಿ ಗುಂಡಿ ಬಿಟ್ಟರೆ ನಮ್ಮ ಮಾತನ್ನೇ ನಮಗೆ ತಿರುಗಿ ಕೇಳಿಸುತ್ತದೆ. ಕಾಕಾನ ಮಾತು ತಿರುಗಿ ಬಂದಾಗ ನಡುನಡುವೆ ಕಿತ್ತು ಹೋಗುತ್ತಿತ್ತು. ಮೊದಲೇ ಒಡೆದ ದನಿ, ಅದರಲ್ಲಿ ಮತ್ತೆ ತೂತು. ಹಾಟ್‌ಸ್ಪಾಟಿನ ಪುಟದಲ್ಲಿ ತಪ್ಪಿನ ಪ್ರಮಾಣ ಶೇಕಡಾ ನಾಲ್ಕು ತೋರಿಸುತ್ತಿತ್ತು. ಒಂದಕ್ಕಿಂತ ಕಮ್ಮಿ ಇರಬೇಕು.

"ಇವತ್ತ ಬ್ಯಾಡ ಕಾಕಾ. ಹಿಂಗ ಹರದ ಆವಾಜ ಕಳಸೂದ ಬ್ಯಾಡ. ನಾಳೆ ಸುದ್ದ ಮಾಡಿ ಕೊಡ್ತೇನಿ."

ಕಾಕಾ ನನ್ನ ಮುಖ ನೋಡಿದರು. ಸಿಗ್ನಲ್ ಶುದ್ಧವಿಲ್ಲದೆ ನೆಟ್ಟಿಗೆ ಬರಬಾರದು, ಹತ್ತು ಜನರ ಕಿವಿ ಕೆಡಿಸಬಾರದು ಎಂದು ಇಪ್ಪತ್ತು ವರ್ಷದ ಹಿಂದೆ ನನಗೆ ಬೈದು ಕಲಿಸಿದವರು ಅವರೇ. ತಮ್ಮದೇ ಪಾಠವನ್ನು ಶಿಷ್ಯ ಒಪ್ಪಿಸುವಾಗ ಗುರುವಾದವರು ಏನು ಹೇಳಿಯಾರು?

"ಖರೆ ಐತಿ," ಎಂದು ಸೆಟ್ಟನ್ನು ಮೇಜಿನ ಮೇಲಿಟ್ಟರು. "ಸುದ್ದ ಮಾಡು."

ಸ್ಪೀಕರಿನಲ್ಲಿ ಕುಮಟಾದವರು "ಬೆಟಗೇರಿ ಇವತ್ತೂ ಇಲ್ಲ" ಎಂದು ಹೇಳಿ ನೆಟ್ ಮುಗಿಸಿದರು.

ಮರುದಿನ ನಾನು ವೈಫೈಯನ್ನು ಅನುಮಾನಿಸಿದೆ. ರೂಟರು ಕೆಳಗೆ ಮಗ್ಗದ ಕೋಣೆಯಲ್ಲಿತ್ತು. ಅಷ್ಟೊಂದು ಮೋಟರುಗಳ ನಡುವೆ ಮಾತು ಕೆಡದೆ ಏನಾದೀತು ಎಂದು ಕೇಬಲ್ ಎಳೆದು ರೂಟರನ್ನು ಮೇಲೆ ತಂದೆ. ಶೇಕಡಾ ನಾಲ್ಕು. ಹಾಟ್‌ಸ್ಪಾಟಿನ ಚಾರ್ಜರ್ ಬದಲಿಸಿದೆ. ಮತ್ತೆ ನಾಲ್ಕು. ಏಳೂವರೆಗೆ ಕುಮಟಾದವರು ಮೂರು ಸಲ ಕರೆದರು, ಕಾಕಾ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು. ಹಾಜರಿ ಹೇಳಿದ ಪ್ರತಿ ಊರನ್ನೂ ಲಾಗ್‌ಪುಸ್ತಕದಲ್ಲಿ ಬರೆದುಕೊಂಡರು. ಬೆಟಗೇರಿಯ ಸಾಲನ್ನು ಖಾಲಿ ಬಿಟ್ಟರು.

ಕಾಕಿ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಿದ್ದರು. ನಲವತ್ತು ವರ್ಷ ಆ ಸೆಟ್ಟುಗಳನ್ನು ಡಬ್ಬಿ ಎಂದು ಬೈದವರು ಅವರು.

"ಅವರು ಅಷ್ಟ ಕರ್‍ಯಾಕತ್ತಾರ. ಇದ್ದೇನಿ ಅಂದ್ರ ಆಗಂಗಿಲ್ಲೇನು?"

"ದನಿ ಸರಿ ಹೋಗವಲ್ದು ರೀ ಕಾಕಿ," ಎಂದೆ.

"ದನಿ ಏನ ಸರಿ ಹೋಗೂದೈತಿ ಯಪ್ಪಾ ಇನ್ನ," ಎಂದು ಕಪ್ಪು ಬಸಿ ತೆಗೆದುಕೊಂಡು ಕೆಳಗೆ ಹೋದರು. ಆಗ ನನಗೆ ಸಿಟ್ಟು ಬಂದಿತ್ತು. ತಿಳಿಯದವರು ನಡುವೆ ಬಾಯಿ ಹಾಕುತ್ತಾರೆ ಎಂದುಕೊಂಡೆ.

ಸೆಟ್ಟು ಕೂಡಿಸಿದ ಮೂರನೆಯ ದಿನ ನಾನು ಹೋಗಲೇ ಇಲ್ಲ. ಅಡರಕಟ್ಟಿಯಲ್ಲಿ ಒಬ್ಬರ ಪಂಪಿನ ಸೋಲಾರ್ ಕೆಟ್ಟು ಎರಡು ದಿನದಿಂದ ದನಗಳಿಗೆ ನೀರಿರಲಿಲ್ಲ, ಬೆಳಗಿನಿಂದ ಫೋನ್ ಮೇಲೆ ಫೋನ್. ನಾಲ್ಕನೆಯ ದಿನ ಮೈಕಿನ ಮಟ್ಟ ಇಳಿಸಿದೆ, ಏರಿಸಿದೆ. ಸೆಟ್ಟು ಹಾಟ್‌ಸ್ಪಾಟಿಗೆ ತೀರ ಹತ್ತಿರವಾಗಿ ಅದು ತಬ್ಬಿಬ್ಬಾಗುತ್ತಿರಬಹುದೆಂದು ಸೆಟ್ಟಿನ ಪವರ್ ಕಮ್ಮಿ ಮಾಡಿ, ಕಾಕಾನನ್ನು ಖೋಲಿಯ ಆಚೆ ಮೂಲೆಗೆ ಕೂಡಿಸಿದೆ. ಎರಡೂವರೆಗೆ ಇಳಿಯಿತು. ಇಳಿದದ್ದೇ ನನಗೆ ಹುಮ್ಮಸ್ಸು. ಇಂಥ ಕೆಲಸದ ಕೇಡೇ ಇದು. ಅಂಕಿ ಇಳಿಯತೊಡಗಿದರೆ ಅಂಕಿಯ ಹೊರತು ಮತ್ತೊಂದು ಕಣ್ಣಿಗೆ ಕಾಣುವುದಿಲ್ಲ. ಆ ದಿನವೂ ಕಾಕಾ ಮಾತಾಡಲಿಲ್ಲ. "ಇನ್ನ ಒಂದ ದಿನ ರೀ" ಎಂದೆ. ಅವರು ತಲೆ ಆಡಿಸಿದರು. ಆಗಲೇ ಮನೆಯವರೊಡನೆ ಸನ್ನೆಯಲ್ಲೇ ಮಾತಾಡತೊಡಗಿದ್ದರು. ಇರುವಷ್ಟು ದನಿಯನ್ನು ನೆಟ್ಟಿಗೆಂದು ಕಾಯ್ದಿಟ್ಟುಕೊಂಡಿದ್ದರು ಎಂದು ಕಾಕಿ ಆಮೇಲೆ ಹೇಳಿದರು.

ಐದನೆಯ ದಿನ ರೋಗ ಸಿಕ್ಕಿತು. ಈ ಅಗ್ಗದ ಹಾಟ್‌ಸ್ಪಾಟುಗಳು ಹೇಳಿದ ಫ್ರೀಕ್ವೆನ್ಸಿಯ ಮೇಲೆ ಸರಿಯಾಗಿ ಕೂರುವುದಿಲ್ಲ, ತುಸು ಆಚೀಚೆ ಇರುತ್ತವೆ. ಅದನ್ನು ಸರಿದೂಗಿಸಲು ಸೆಟಿಂಗಿನಲ್ಲಿ ಒಂದು ಅಂಕಿ ತುಂಬಬೇಕು. ನಾನು ಸೊನ್ನೆ ಬಿಟ್ಟಿದ್ದೆ. ನೆಟ್ ಮುಗಿದ ಮೇಲೆ, ಅಂಗಡಿ ಮುಚ್ಚಿಯೇ ಇರಲಿ ಎಂದು ಅಲ್ಲೇ ಕೂತು, ಇಪ್ಪತ್ತೈದು ಇಪ್ಪತ್ತೈದು ಹರ್ಟ್ಸ್ ಕೆಳಗಿಳಿಸುತ್ತಾ ಪ್ರತಿ ಸಲ ಗಿಳಿಗೆ ಮಾತಾಡಿ ನೋಡಿದೆ. ಮೈನಸ್ ನಾನೂರೈವತ್ತಕ್ಕೆ ಬಂದಾಗ ತಪ್ಪು ಶೇಕಡಾ ಸೊನ್ನೆ ಪಾಯಿಂಟ್ ಮೂರಕ್ಕೆ ಬಿತ್ತು. ಕಾಕಾನನ್ನು ಕರೆದು ಮಾತಾಡಿ ಎಂದೆ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಆಮೇಲೆ ಮಾತಾಡಬೇಕು, ಇಲ್ಲದಿದ್ದರೆ ಮೊದಲ ಅಕ್ಷರ ನುಂಗಿ ಹೋಗುತ್ತದೆ. ಅವರು ತಡೆದು, ತಮ್ಮ ಕಾಲ್‌ಸೈನ್ ಹೇಳಿ, "ಬೆಟಗೇರಿ ಹಾಜರ ರೀ" ಎಂದರು. ಗಿಳಿ ಅದನ್ನು ಹಾಗೇ ತಿರುಗಿಸಿತು. ಒಂದೂ ತೂತಿಲ್ಲ.

"ಇದು ನನ್ನ ದನಿ?" ಎಂದರು ಕಾಕಾ. "ಇಷ್ಟ ಮುದುಕ ಆಗೇನೇನು?"

ಇಬ್ಬರೂ ನಕ್ಕೆವು. ನಾಳೆ ಏಳೂವರೆಗೆ ಎಂದು ಮಾತಾಗಿ ನಾನು ಊರಿಗೆ ಬಂದೆ. ಸಂಜೆ ಅವರ ಮಗನ ಫೋನ್ ಬಂತು. ಆಸ್ಪತ್ರೆಯಲ್ಲಿ ಬೇರೊಬ್ಬರ ಆಪರೇಷನ್ ಮುಂದೆ ಹೋಗಿ ಜಾಗ ತೆರವಾಗಿದೆ, ಗಂಟು ಬೆಳೆಯುತ್ತಿರುವುದರಿಂದ ತಡಮಾಡಬೇಡಿ, ನಾಳೆ ಬೆಳಿಗ್ಗೆ ಏಳರೊಳಗೆ ಬಂದು ದಾಖಲಾಗಿ, ನಾಳೆಯೇ ಆಪರೇಷನ್ ಎಂದಿದ್ದಾರಂತೆ. ಐದಕ್ಕೇ ಗಾಡಿ ಬಿಡುತ್ತೇವೆ ಎಂದ. ಕಾಕಾನಿಗೆ ಫೋನ್ ಕೊಡು ಎಂದೆ.

"ಏನ್ ಮಾಡಾಕ ಬರ್ತೈತಿ ತಮ್ಮಾ," ಎಂದರು. ಅಷ್ಟೇ. ನಾನು ಆ ದನಿಯಲ್ಲಿ ಕೇಳಿದ ಕೊನೆಯ ಮಾತು ಅದು.

ಮರುದಿನ ಅಂಗಡಿಯ ಬಾಗಿಲು ತೆರೆದು ಸುಮ್ಮನೆ ಕೂತಿದ್ದೆ. ಎಂಟಾಗಿತ್ತು. ಗಿರಾಕಿಯೊಬ್ಬರು ಮೊಬೈಲಿನ ಇಂಟರ್‌ನೆಟ್ಟನ್ನು ಟೀವಿಗೆ ಜೋಡಿಸುವುದು ಹೇಗೆ ಎಂದು ಕೇಳಿದರು. ಹೇಳುತ್ತಾ ಹೇಳುತ್ತಾ ನನಗೇ ಅರಿವಾಯಿತು. ಹಾಟ್‌ಸ್ಪಾಟ್ ಜೇಬಿನಲ್ಲಿ ಹೋಗುವಂಥದ್ದು. ಮೊಬೈಲಿನ ಇಂಟರ್‌ನೆಟ್ ಸಾಕು ಅದಕ್ಕೆ. ಕಾಕಾ ಅದನ್ನು ಗಾಡಿಯಲ್ಲಿಟ್ಟುಕೊಂಡು ಹೋಗಿದ್ದರೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಏಳೂವರೆಗೆ ಕುಮಟಾಕ್ಕೆ ಉತ್ತರ ಕೊಡಬಹುದಿತ್ತು. ನನಗಾಗಲಿ ಅವರಿಗಾಗಲಿ ಅದು ಹೊಳೆಯಲೇ ಇಲ್ಲ. ನಮ್ಮ ತಲೆಯಲ್ಲಿ ಸ್ಟೇಶನ್ ಎಂದರೆ ಮನೆ, ಮನೆಯ ಮೇಲಿನ ತಂತಿ, ಗೋಡೆಗೆ ಹೊಡೆದ ಮೊಳೆ. ಆ ಪೆಟ್ಟಿಗೆ ಹೊತ್ತು ತಿರುಗಲೆಂದೇ ಮಾಡಿದ್ದು, ನಾನು ಅದನ್ನು ಗೋಡೆಗೆ ಕಟ್ಟಿ ಹಾಕಿದ್ದೆ. ಗಿರಾಕಿಯನ್ನು ನಾಳೆ ಬನ್ನಿ ಎಂದು ಕಳಿಸಿ, ಶಟರ್ ಎಳೆದು ಒಳಗೆ ಕೂತು ಅತ್ತೆ.

ಮೂರು ವಾರದ ಮೇಲೆ ಕಾಕಾ ಮನೆಗೆ ಬಂದರು. ಕತ್ತಿನಲ್ಲಿ ಉಸಿರಾಟದ ರಂಧ್ರ, ಅದರ ಮೇಲೆ ತೆಳುವಾದ ಬಟ್ಟೆ. ಕೈಯಲ್ಲಿ ಮೊಮ್ಮಗಳ ಹಳೆಯ ಸ್ಲೇಟು. ನನ್ನನ್ನು ಕಂಡೊಡನೆ ಬರೆದರು: "ನೆಟ್?"

ಮಾತಾಡಲು ಆಸ್ಪತ್ರೆಯವರು ಟಾರ್ಚಿನಂಥ ಒಂದು ಯಂತ್ರ ಕೊಟ್ಟಿದ್ದರು. ಗಂಟಲಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಜುಂಯ್ ಎನ್ನುವ ಒಂದೇ ಸ್ವರದಲ್ಲಿ ಮಾತಿನಂಥದ್ದು ಬರುತ್ತದೆ. ಹತ್ತಿರ ಕೂತರೆ ಅರ್ಥವಾಗುತ್ತಿತ್ತು. ಸೆಟ್ಟು ಹಿಡಿದು ಗಿಳಿಗೆ ಮಾತಾಡಿಸಿದೆ. ತಿರುಗಿ ಬಂದದ್ದು ಬರೀ ಗೊರಗೊರ, ಒಂದು ಅಕ್ಷರವೂ ತಿಳಿಯಲಿಲ್ಲ. ತಪ್ಪಿನ ಪ್ರಮಾಣ ಮಾತ್ರ ಸೊನ್ನೆ ಪಾಯಿಂಟ್ ಮೂರೇ ಇತ್ತು.

ಕಾರಣ ಕಾಕಾನಿಗೆ ಬಿಡಿಸಿ ಹೇಳಬೇಕಾಯಿತು. ಈ ವ್ಯವಸ್ಥೆ ದನಿಯನ್ನು ದನಿಯಾಗಿ ಕಳಿಸುವುದಿಲ್ಲ. ಮನುಷ್ಯನ ಗಂಟಲು ಹೇಗೆ ನಡುಗುತ್ತದೆ ಎಂಬ ಲೆಕ್ಕವನ್ನಷ್ಟೇ ಕಳಿಸುತ್ತದೆ, ಆಚೆ ಕಡೆ ಆ ಲೆಕ್ಕದಿಂದ ದನಿಯನ್ನು ಮತ್ತೆ ಕಟ್ಟುತ್ತಾರೆ. ನಡುಗುವ ಗಂಟಲೇ ಇಲ್ಲದವರ ಲೆಕ್ಕ ಅದಕ್ಕೆ ಹತ್ತುವುದಿಲ್ಲ. ಇದನ್ನು ಹೇಳುವಾಗ ನನ್ನ ಕಣ್ಣು ಅವರ ಕತ್ತಿನ ಬಟ್ಟೆಯ ಮೇಲಿತ್ತು. ಕಾಕಾ ಸ್ಲೇಟಿನ ಮೇಲೆ ಬರೆದರು: "ಮೋರ್ಸ್?"

ಅದೂ ಆಗಲಿಲ್ಲ. ಚುಕ್ಕೆ ಗೆರೆಗಳ ಮೋರ್ಸಿನ ಪೀಪಿಯನ್ನೂ ಅದು ಗಂಟಲೆಂದೇ ತಿಳಿದು ಕಲಸಿ ಹಾಕುತ್ತದೆ. ಗುಂಡಿಯನ್ನೇ ಚಿಕ್ಕದು ಉದ್ದದ್ದು ಒತ್ತೋಣವೆಂದರೆ ಪ್ರತಿ ಒತ್ತು ಆಚೆ ಮುಟ್ಟಲು ಒಂದೆರಡು ಸೆಕೆಂಡು ಹಿಡಿಯುತ್ತಿತ್ತು, ಚಿಕ್ಕವು ಕಳೆದೇ ಹೋಗುತ್ತಿದ್ದವು. ಅರ್ಧ ದಿನ ಹೊಡೆದಾಡಿ ನಾನು ಕೈಚೆಲ್ಲಿದೆ. ಕಾಕಾ ಸ್ಲೇಟು ಒರೆಸಿ, ಮಡಿಲಲ್ಲಿ ಬೋರಲು ಹಾಕಿ, ಕಿಟಕಿಯ ಕಡೆ ನೋಡುತ್ತ ಕೂತರು.

ಆಗ ಹಾಟ್‌ಸ್ಪಾಟಿನ ಪುಟ ಮುಚ್ಚಲು ಹೋದವನಿಗೆ, ಇಷ್ಟು ಹೊತ್ತು ನಮ್ಮ ಪ್ರಯೋಗಗಳೆಲ್ಲ ಅಲ್ಲಿ ಸಾಲಾಗಿ ದಾಖಲಾಗಿರುವುದು ಕಂಡಿತು. ಪ್ರತಿ ಸಾಲಿನಲ್ಲೂ ಕಾಕಾನ ಕಾಲ್‌ಸೈನ್, ಪಕ್ಕದಲ್ಲಿ ಬೆಟಗೇರಿ. ದನಿ ಗೊರಗೊರ ಆದರೂ ಹೆಸರು ಒಂದು ಸಲವೂ ತಪ್ಪಿರಲಿಲ್ಲ.

"ಕಾಕಾ, ನಾಳೆ ನೆಟ್‌ನ್ಯಾಗ ನೀವು ಮಾತಾಡೂದ ಬ್ಯಾಡ. ಬರೇ ಒತ್ತರಿ," ಎಂದೆ. "ನಾ ಮೊದಲ ಅವರಿಗೆ ಎಲ್ಲಾ ಹೇಳ್ತೇನಿ. ಹೇಳ್ಲ್ಯಾ?"

ತಾವೇ ಹೇಳಬೇಕೆಂದಿದ್ದ ಸುದ್ದಿ. ಸ್ಲೇಟನ್ನು ತಿರುಗಿಸಿ ಬರೆದರು: "ಹೇಳು."

ಮರುದಿನ ನಾನು ಆ ಸೆಟ್ಟಿನಿಂದಲೇ, ನನ್ನ ಕಾಲ್‌ಸೈನ್ ಹೇಳಿ, ಲಕ್ಷ್ಮೇಶ್ವರದವನು ಬೆಟಗೇರಿಯಿಂದ ಮಾತಾಡುತ್ತಿದ್ದೇನೆ ಎಂದು ನೆಟ್ಟಿಗೆ ಬಂದೆ. ನಡೆದದ್ದನ್ನೆಲ್ಲ ಹೇಳಿದೆ. ನಾನು ಅವರ ಕೈ ಹಿಡಿದದ್ದನ್ನೂ ಹೇಳಿದೆ. ಕುಮಟಾದವರು ಎಂದಿನ ಹಾಗೆ ಹಾಜರಿ ಶುರು ಮಾಡಿದರು. ಕೊನೆಗೆ ಕರೆದರು.

"ಬೆಟಗೇರಿ?"

ಕಾಕಾ ಗುಂಡಿ ಒತ್ತಿ, ಎರಡು ಎಣಿಸುವಷ್ಟು ಹಿಡಿದು, ಬಿಟ್ಟರು.

"ಬಂದ್ರು! ಬೆಟಗೇರಿ ಬಂದ್ರು ಮಾರಾಯ್ರೆ, ನನ್ನ ಪರದೆ ಮೇಲೆ ಮತ್ತೆ ಬಂತು ಹೆಸರು!" ಎಂದು ಕುಮಟಾದವರು ಕೂಗಿದರು. ಆಮೇಲೆ ಅವರ ದನಿ ತಗ್ಗಿತು. "ಹೌದು ಅಂದ್ರೆ ಒಂದು ಸಲ, ಅಲ್ಲ ಅಂದ್ರೆ ಎರಡು ಸಲ. ಹಾಂಗೇ ಮಾಡುವಾ. ನೋವು ಇತ್ತಾ?"

ಒಂದು ಸಲ.

"ಊಟ ಸೇರ್ತದಾ?"

ಎರಡು ಸಲ. ಕಾಕಿ ಬಾಗಿಲಿನಿಂದ ಒಳಗೆ ಬಂದು ಮೊದಲ ಸಲ ಮೇಜಿನ ಹತ್ತಿರ ಕೂತರು. ಆವತ್ತು ಲಾಗ್‌ಪುಸ್ತಕದಲ್ಲಿ ಬೆಟಗೇರಿಯ ಸಾಲನ್ನು ಕಾಕಾ ದೊಡ್ಡ ಅಕ್ಷರದಲ್ಲಿ ಬರೆದರು.

ಹೀಗೆ ಎರಡು ತಿಂಗಳಿಗಿಂತ ತುಸು ಹೆಚ್ಚು ಕಾಲ ನಡೆಯಿತು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಉಳಿದ ದಿನ ಕಾಕಾ ತಾವೇ ಸೆಟ್ಟು ಹಚ್ಚಿಕೊಳ್ಳುತ್ತಿದ್ದರು. ಕುಮಟಾದವರು ಎಲ್ಲರ ಹಾಜರಿ ಬೇಗ ಮುಗಿಸಿ, ಉಳಿದ ಹೊತ್ತೆಲ್ಲ ಹೌದು ಅಲ್ಲದಲ್ಲಿ ಉತ್ತರ ಸಿಗುವಂಥ ಪ್ರಶ್ನೆ ಹುಡುಕಿ ಕೇಳುತ್ತಿದ್ದರು. ಮಳೆ ಬಂತಾ, ಮಗ್ಗ ನಡೀತಾ, ನಮ್ಮ ಯಜಮಾನ್ತಿ ಇವತ್ತೂ ಬೈದ್ರು, ನಿಮ್ಮಲ್ಲೂ ಬೈದ್ರಾ. ಅದಕ್ಕೆ ಕಾಕಾ ಒಂದು ಸಲ ಒತ್ತಿ, ಕಾಕಿಯ ಕಡೆ ನೋಡಿ, ಸದ್ದಿಲ್ಲದೆ ನಗುತ್ತಿದ್ದರು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪ್ರತಿ ಸಲ ಅವರು ಗುಂಡಿ ಒತ್ತಿದಾಗಲೂ, ಹರಿದು ಹೋಗಲಿ, ತೂತು ಬೀಳಲಿ, ಆ ಐದು ದಿನದಲ್ಲಿ ಇವರು ಏನೇನು ಹೇಳುತ್ತಿದ್ದರೋ ಎಂದೇ ಅನ್ನಿಸುತ್ತಿತ್ತು. ಒಮ್ಮೆ ಕೇಳಿಯೇ ಬಿಟ್ಟೆ. ಅವರು ಸ್ಲೇಟು ತೆಗೆದುಕೊಂಡು, ಬಳಪ ಹಿಡಿದು, ಏನೂ ಬರೆಯದೆ ಕೆಳಗಿಟ್ಟರು.

ಒಂದು ಶುಕ್ರವಾರ ಕಾಕಾನ ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಕಾಕಾ ಹೋದರು. ನಾನು ಮಣ್ಣಿಗೆ ಹೋಗಿ ಬಂದೆ. ನೆಟ್ಟಿನವರಿಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ನನ್ನ ಹತ್ತಿರ ಬೇರೆ ಡಿಜಿಟಲ್ ಸೆಟ್ಟಿರಲಿಲ್ಲ ಎಂಬುದು ನೆಪ. ಹೇಳುವ ಧೈರ್ಯವಿರಲಿಲ್ಲ ಎಂಬುದೇ ನಿಜ.

ಸೋಮವಾರ ಬೆಳಿಗ್ಗೆ ಮಾತಾಡಿಸಿ ಬರೋಣವೆಂದು ಹೋದೆ. ಕೆಳಗೆ ಮಗ್ಗಗಳು ಇನ್ನೂ ನಿಂತಿದ್ದವು. ಕಾಕಿ ಮೇಲಿನ ಖೋಲಿಯಲ್ಲಿ ಒಬ್ಬರೇ, ಆ ಮೇಜಿನ ಮುಂದೆ ಕೂತಿದ್ದರು.

"ಏಳೂವರಿ ಆಗಾಕ ಬಂತು," ಎಂದರು. "ಅವರು ಮೂರ ದಿನದಿಂದ ಕರ್‍ಯಾಕತ್ತಿರಬೇಕು. ಹೇಳು ಯಪ್ಪಾ. ನಂಗ ಇದನ್ನ ಹಚ್ಚಾಕ ಬರೂದಿಲ್ಲ."

ಸೆಟ್ಟು ಹಚ್ಚಿದೆ. ಹಾಜರಿ ನಡೆದಿತ್ತು. ನಡುವೆ ಒಂದು ಬಿಡುವು ಸಿಕ್ಕಾಗ ಗುಂಡಿ ಒತ್ತಿದೆ. ಮಾತಿಗೆ ಮುಂಚೆ ತಡೆಯಬೇಕಾದ ಆ ಒಂದು ಕ್ಷಣದಲ್ಲಿ ಬೆರಳು ತಾನಾಗಿ ಸಡಿಲಾಯಿತು.

"ಬಂದ್ರು!" ಕುಮಟಾದವರ ದನಿ ಖೋಲಿಯ ತುಂಬ ಬಂತು. "ಬೆಟಗೇರಿ ಬಂದ್ರು! ಎಂತ ಮಾರಾಯ್ರೆ, ಮೂರು ದಿವಸ ಎಲ್ಲಿ ಹೋಗಿದ್ರಿ? ನಾನು ಎಂತೆಂತದೋ ಎಣಿಸಿಬಿಟ್ಟೆ. ಆರಾಮ ಇದ್ದೀರಲ್ಲಾ?"

ಆ ಮನುಷ್ಯ ಅಲ್ಲಿ ಪರದೆ ನೋಡುತ್ತ ಕೂತಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಗುಂಡಿ ಒತ್ತಿ, ನನ್ನ ಕಾಲ್‌ಸೈನ್ ಹೇಳಿದೆ.

"ನಾನು ಲಕ್ಷ್ಮೇಶ್ವರ ರೀ ಸರ. ಬೆಟಗೇರಿಯವರು ಇಲ್ಲ. ಶುಕ್ರವಾರ ತೀರಿಕೊಂಡ್ರು. ಹೇಳಾಕ ತಡಾ ಮಾಡಿದೆ, ತಪ್ಪಾತು."

ಕುಮಟಾದವರು ಮೆಲ್ಲಗೆ ಕೇಳಿದರು.

"ಲಕ್ಷ್ಮೇಶ್ವರ, ನೀವು ಮಾತಾಡುವಾಗ ಇಲ್ಲಿ ಅವರ ಹೆಸರೇ ಬಂತು. ನೀವು ಬಿಟ್ಟ ಕೂಡ್ಲೆ ಹೋಯ್ತು. ಇನ್ನೊಂದು ಸಲ ಒತ್ತಿ ಹಿಡೀತೀರಾ? ಎಂತದೂ ಮಾತಾಡೂದು ಬೇಡ. ಸ್ವಲ್ಪ ಹೊತ್ತು ಇರ್ಲಿ."

ಕಾಕಿ ಕೈ ಚಾಚಿದರು. ಪರವಾನಗಿ ಇಲ್ಲದವರ ಕೈಗೆ ಸೆಟ್ಟು ಕೊಡಬಾರದು, ತೀರಿಕೊಂಡವರ ಸಂಖ್ಯೆಯ ಮೇಲೆ ಯಾರೂ ಒತ್ತಬಾರದು. ನಾನು ಕೊಟ್ಟೆ. ಯಾವ ಗುಂಡಿ ಎಂದು ತೋರಿಸಿದೆ. ಅವರು ಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಎರಡೂ ಹೆಬ್ಬೆರಳಿನಿಂದ ಒತ್ತಿದರು. ಕೆಂಪು ದೀಪ ಹತ್ತಿತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಓಣಿಯಲ್ಲಿ ಯಾರೋ ನೀರು ಹಿಡಿಯುವ ಸದ್ದು ಕೇಳಿಸುತ್ತಿತ್ತು.

ಗುಂಡಿ ಒತ್ತಿ ಮರೆತವರಿಗಾಗಿ ಸೆಟ್ಟಿನಲ್ಲಿ ಮೂರು ನಿಮಿಷದ ಮಿತಿ ಇರುತ್ತದೆ. ಅದು ಮುಗಿದು, ಸೆಟ್ಟು ಪೀಪ್ ಎಂದಿತು, ದೀಪ ಆರಿತು. ಕಾಕಿಯ ಹೆಬ್ಬೆರಳುಗಳು ಇನ್ನೂ ಒತ್ತಿಯೇ ಇದ್ದವು.

"ಯಾಕ ಆರಿತು?"

"ಸೆಟ್ಟ ಅಷ್ಟ ಹೊತ್ತ ಬಿಡತೈತ್ರಿ ಕಾಕಿ. ಆಮ್ಯಾಲ ತಾನ ನಿಲ್ತೈತಿ."

ಅವರು ಬೆರಳು ತೆಗೆದು, ಸೆರಗಿನಿಂದ ಸೆಟ್ಟನ್ನು ಒರೆಸಿದರು. ಆಚೆಯಿಂದ ಇನ್ನೂ ಯಾರೂ ಮಾತಾಡಿರಲಿಲ್ಲ.

"ಮತ್ತ ಒತ್ತಲೇನು?" ಎಂದು ಕೇಳಿದರು.

"ಒತ್ತರಿ," ಎಂದೆ.